ಹಲ್ಲು ನೋಡಿ ಎತ್ತು, ಕುತ್ತಿಗೆ ನೋಡಿ ಗಿಟಾರು

ನನ್ನ ಸೋದರಮಾವ ದನದ ಸಂತೆಗೆ ಹೋದರೆ ಎತ್ತಿನ ಬಣ್ಣದ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊದಲು ಬಾಯಿ ಬಿಡಿಸಿ ಹಲ್ಲು, ಆಮೇಲೆ ಮೈಮೇಲಿನ ಸುಳಿ, ಆಮೇಲೆ ಇಪ್ಪತ್ತು ಹೆಜ್ಜೆ ನಡೆಸಿ ಗೊರಸು. ಎಲ್ಲ ಸರಿ ಕಂಡರೆ ಮಾತ್ರ ಹೆಗಲ ಮೇಲಿನ ವಲ್ಲಿಯನ್ನು ಇಳಿಸಿ, ಅದರ ಮರೆಯಲ್ಲಿ ಮಾರುವವನ ಬೆರಳು ಹಿಡಿದು ಬೆಲೆ ಕೂಡಿಸುತ್ತಿದ್ದ. 2024ರ ಜುಲೈಯಲ್ಲಿ ನಮ್ಮ ಬೆಳಗಾವಿಯ ವಡಗಾವಿಯ ಒಂದು ಮನೆಯಲ್ಲಿ, ಮಗ್ಗಗಳ ಸದ್ದಿನ ನಡುವೆ, ಹಳೆಯ ಬೆಡ್‌ಶೀಟ್ ಬಿಚ್ಚಿ ಒಂದು ಗಿಟಾರನ್ನು ನನ್ನ ಮುಂದೆ ಇಟ್ಟಾಗ ನಾನು ಮೊದಲು ನೋಡಿದ್ದು ಬಣ್ಣವನ್ನೇ. ಕೆಂಪು. ಮಾವ ಬದುಕಿದ್ದರೆ ನೆತ್ತಿಗೆ ಒಂದು ಕೊಡುತ್ತಿದ್ದ.

ಆ ಕೆಂಪಿಗೆ ಒಂದು ಕಾರಣವಿದೆ. 1996ರ ಗಣೇಶೋತ್ಸವದಲ್ಲಿ ನನಗೆ ಹದಿನೈದು ವರ್ಷ. ಟಿಳಕವಾಡಿಯ ಒಂದು ಗಣಪತಿ ಮಂಟಪದ ಎದುರು ಆರ್ಕೆಸ್ಟ್ರಾ ನಡೆದಿತ್ತು. ನಮ್ಮ ಮನೆಯಲ್ಲಿ ಅದುವರೆಗೆ ಇದ್ದ ವಾದ್ಯವೆಂದರೆ ಅಪ್ಪನ ಹಾರ್ಮೋನಿಯಂ ಒಂದೇ. ಸೋಮವಾರದ ಭಜನೆಗೆ ಅದು ಮಠಕ್ಕೆ ಹೋಗಿ ಬರುತ್ತಿತ್ತು. ಹಾರ್ಮೋನಿಯಂನಲ್ಲಿ ಒಂದು ಸ್ವರಕ್ಕೂ ಮತ್ತೊಂದಕ್ಕೂ ನಡುವೆ ಗೋಡೆ ಇರುತ್ತದೆ, ಬಾಗಿಲಿರುವುದಿಲ್ಲ. ಅಂದು ವೇದಿಕೆಯ ಅಂಚಿನಲ್ಲಿ ನಿಂತಿದ್ದ ತೆಳ್ಳನೆಯ ಮನುಷ್ಯ ಕೆಂಪು ಗಿಟಾರಿನ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ದೂಡಿದ. ಸ್ವರ ಗೋಡೆಯನ್ನು ಹಾದು ಆಚೆಗೆ ಹೋಯಿತು. ಹಿಂದುಸ್ತಾನಿ ಗಾಯಕರ ಮೀಂಡ್ ಅನ್ನು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು, ಕೇಳಿಯೇ ಬೆಳೆದ ಊರು ನಮ್ಮದು. ಆದರೆ ಒಂದು ಯಂತ್ರದಿಂದ ಮೀಂಡ್ ಬರುವುದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಐಟಿಐ, ಉದ್ಯಮಬಾಗದ ಒಂದು ಕಾರ್ಖಾನೆಯ ಟೂಲ್ ರೂಮ್, ಮನೆಯ ಕಂತು, ಮಗಳ ಶುಲ್ಕ. ಇಪ್ಪತ್ತೆಂಟು ವರ್ಷ ಹೋಯಿತು.

ಇಷ್ಟು ಕಾದವನ ಕೈಯಲ್ಲಿ ವಿವೇಕ ಉಳಿದಿರುವುದಿಲ್ಲ. ಆದ್ದರಿಂದ ನಿಮಗೂ ಇಂಥದೊಂದು ಹಳೆಯ ಆಸೆಯಿದ್ದು, ಬಳಸಿದ ಎಲೆಕ್ಟ್ರಿಕ್ ಗಿಟಾರು ಕೊಳ್ಳಲು ಹೊರಟಿದ್ದರೆ, ವಿವೇಕವನ್ನು ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ.

ಚೀಲದಲ್ಲಿ ಏನಿರಬೇಕು

ಆರು ಇಂಚಿನ ಸ್ಟೀಲ್ ಸ್ಕೇಲು, ಫೀಲರ್ ಗೇಜ್, ಮಲ್ಟಿಮೀಟರ್, ಸಣ್ಣ ಟಾರ್ಚ್, ಆಲನ್ ಕೀಗಳ ಒಂದು ಗೊಂಚಲು, ನಿಮ್ಮದೇ ಆದ ಒಂದು ಗಿಟಾರ್ ಕೇಬಲ್. ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್. ಸಾಧ್ಯವಾದರೆ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಆಂಪ್ಲಿಫೈಯರ್, ಅದು ಸಿಗದಿದ್ದರೆ ಇಯರ್‌ಫೋನ್‌ಗೆ ಹಾಕುವ ಬೆಂಕಿಪೊಟ್ಟಣದಷ್ಟು ದೊಡ್ಡ ಆಂಪ್. ಫೀಲರ್ ಗೇಜ್ ಎಂದರೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸಂದು ಅಳೆಯಲು ಬಳಸುವ ತೆಳು ಪಟ್ಟಿಗಳ ಕಟ್ಟು. ಬೆಳಗಾವಿಯಂಥ ಕಾರ್ಖಾನೆಗಳ ಊರಿನಲ್ಲಿ ಅದನ್ನು ಯಾರಾದರೂ ಒಂದು ದಿನದ ಮಟ್ಟಿಗೆ ಕೊಟ್ಟೇ ಕೊಡುತ್ತಾರೆ.

ಕೇಬಲ್ ಏಕೆ ನಿಮ್ಮದೇ ಇರಬೇಕು? ಕರಕರ ಸದ್ದು ಬಂದಾಗ ಮಾರುವವರು ಹೇಳುವ ಮೊದಲ ಮಾತು ‘ಗಿಟಾರು ಸರಿಯಿದೆ, ಕೇಬಲ್ ಹಾಳಾಗಿದೆ’ ಎಂದು. ಸರಿಯಿರುವ ಕೇಬಲ್ ನಿಮ್ಮ ಕೈಯಲ್ಲಿದ್ದರೆ ಆ ಮಾತು ಅಲ್ಲೇ ಮುಗಿಯುತ್ತದೆ.

ನೋಡದೆ ಮುಂಗಡ ಕಳಿಸಬೇಡಿ. ಇದನ್ನು ನಾನು ಎರಡು ಸಾವಿರ ರೂಪಾಯಿ ಕೊಟ್ಟು ಕಲಿತಿದ್ದೇನೆ. ಫೋನಿನಲ್ಲಿ ಬಹಳ ಸಭ್ಯವಾಗಿ ಮಾತಾಡಿದ್ದ ಮನುಷ್ಯ, ಹಣ ತಲುಪಿದ ಮರುಗಳಿಗೆಯಿಂದ ಇಂದಿನವರೆಗೆ ಫೋನ್ ಎತ್ತಿಲ್ಲ. ಹೆಂಡತಿಗೆ ಅದನ್ನು ಹೇಳಿದ್ದು ಒಂದು ವರ್ಷದ ನಂತರ.

ಎಲ್ಲಿ ಹುಡುಕಬೇಕು ಎಂದು ಕೇಳುತ್ತಾರೆ. ಚರ್ಚಿನ ಗಾಯನ ತಂಡದವರು, ಹಳೆಯ ಆರ್ಕೆಸ್ಟ್ರಾದವರು, ಮಗ ದೂರದ ಊರಿಗೆ ನೌಕರಿಗೆ ಹೋದ ಮನೆಯವರು. ಚೋರ್ಲಾ ಘಾಟ್ ಇಳಿದರೆ ಗೋವಾ ಇದೆ, ಅಲ್ಲಿ ಗಿಟಾರಿಗೆ ಬರವಿಲ್ಲ. ನನಗೆ ಸಿಕ್ಕಿದ್ದು ಮಾತ್ರ ಮನೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ, ಟೂಲ್ ರೂಮಿನ ಸಹೋದ್ಯೋಗಿಯ ಭಾವನ ಗೆಳೆಯನ ಹತ್ತಿರ. ಯುವಕನಾಗಿದ್ದಾಗ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವರು, ಈಗ ನಾಲ್ಕು ವಿದ್ಯುತ್ ಮಗ್ಗಗಳ ಯಜಮಾನರು. 1996ರ ಕೆಂಪು ಗಿಟಾರಿನ ಮನುಷ್ಯ ಅವರೇ ಏನು ಎಂದು ಕೇಳಿದೆ. ಅಲ್ಲ, ಆಗ ಅವರ ಬಳಿ ಇದ್ದದ್ದು ಕರಿಯ ಗಿಟಾರಂತೆ.

ಕುತ್ತಿಗೆ

ಗಿಟಾರಿನಲ್ಲಿ ಕೆಡುವ ವಸ್ತುಗಳು ಎರಡು ಬಗೆ. ಒಲೆಯ ಬರ್ನರ್ ಇದ್ದಂತೆ ಸುಲಭವಾಗಿ ಬದಲಾಗುವಂಥವು: ತಂತಿ, ವಾಲ್ಯೂಮ್ ಗುಂಡಿ, ಸ್ವಿಚ್, ಕೇಬಲ್ ಸಿಕ್ಕಿಸುವ ಜಾಕ್, ಬಿರಡೆ. ಇವು ಎಷ್ಟೇ ಕೆಟ್ಟಿದ್ದರೂ ಹೆದರಬೇಕಿಲ್ಲ, ಬೆಲೆ ಇಳಿಸಲು ಉಪಯೋಗಕ್ಕೆ ಬರುತ್ತವೆ. ಇನ್ನೊಂದು ಬಗೆ ಕುತ್ತಿಗೆ ಮತ್ತು ಅದರ ಮೇಲಿನ ಫ್ರೆಟ್‌ಗಳು, ಅಂದರೆ ಸಿತಾರಿನ ಪರದೆಗಳಂತೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು. ಇವು ಕೆಟ್ಟರೆ ಬೆಳಗಾವಿಯಲ್ಲಿ ಕೂತು ಸರಿಪಡಿಸುವುದು ಸುಲಭವಲ್ಲ. ನಾನು ಕೊಂಡಂಥ ಗಿಟಾರುಗಳಲ್ಲಿ ಕುತ್ತಿಗೆಯನ್ನು ನಾಲ್ಕು ಸ್ಕ್ರೂಗಳಿಂದ ಮೈಗೆ ಬಿಗಿದಿರುತ್ತಾರೆ. ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ ಎಂಬ ಅಮೆರಿಕದವನು 1950ರ ಸುಮಾರಿಗೆ ಮಾರುಕಟ್ಟೆಗೆ ತಂದ ಉಪಾಯ ಅದು. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಹಾಗಾಗಿಯೇ ಇರಬೇಕು, ಬಿಚ್ಚಿ ಜೋಡಿಸಲು ಬರುವಂತೆ ಮಾಡಿದ. ಬಿಚ್ಚಬಹುದು, ನಿಜ. ಆದರೆ ಹೊಸ ಕುತ್ತಿಗೆ ತರಿಸುವ ಹಣಕ್ಕೆ ಇನ್ನೊಂದು ಹಳೆಯ ಗಿಟಾರೇ ಬರುತ್ತದೆ.

ಮೊದಲ ನೋಟ: ಗಿಟಾರಿನ ತಳವನ್ನು ಗಲ್ಲದ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ, ಕುತ್ತಿಗೆಯ ಉದ್ದಕ್ಕೂ ತಲೆಯ ಕಡೆಗೆ ನೋಡಿ. ಬಡಿಗ ತೊಲೆ ನೋಡುವ ಹಾಗೆ. ಎರಡೂ ಅಂಚು ಒಂದೇ ಸಮತಲದಲ್ಲಿ ಓಡಬೇಕು. ಒಂದು ಅಂಚು ಮೇಲೆದ್ದು ಇನ್ನೊಂದು ಮುಳುಗಿದಂತೆ ಕಂಡರೆ ಕುತ್ತಿಗೆ ತಿರುಚಿದೆ. ಚಹಾ ಕುಡಿದು ಬಂದುಬಿಡಿ. ತಿರುಚಿದ್ದಕ್ಕೆ ಮದ್ದಿಲ್ಲ.

ಬಾಗಿದ್ದರೆ ಮದ್ದಿದೆ. ಆರು ತಂತಿಗಳು ಸೇರಿ ಕುತ್ತಿಗೆಯನ್ನು ಸುಮಾರು 40 ಕೆಜಿಯಷ್ಟು ಬಲದಿಂದ ಎಳೆಯುತ್ತಿರುತ್ತವೆ, ಹಗಲೂ ರಾತ್ರಿ. ಅದಕ್ಕೆ ಎದುರಾಗಿ ಕುತ್ತಿಗೆಯ ಒಳಗೆ ಉಕ್ಕಿನ ಸರಳೊಂದು ಮಲಗಿರುತ್ತದೆ. ಹೆಸರು ಟ್ರಸ್ ರಾಡ್. ಅದರ ನಟ್ಟನ್ನು ಬಲಕ್ಕೆ ತಿರುಗಿಸಿದರೆ ಬಾಗು ಕಡಿಮೆಯಾಗುತ್ತದೆ, ಎಡಕ್ಕೆ ತಿರುಗಿಸಿದರೆ ಹೆಚ್ಚುತ್ತದೆ. ಎಷ್ಟು ಬಾಗಿದೆ ಎಂದು ಅಳೆಯಲು ಬೇರೆ ಪಟ್ಟಿ ಬೇಡ, ಬಿಗಿದ ತಂತಿಗಿಂತ ನೇರವಾದ ವಸ್ತು ಯಾವ ಟೂಲ್ ರೂಮಿನಲ್ಲೂ ಇಲ್ಲ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, ಎಂಟನೇ ಫ್ರೆಟ್‌ನ ತಲೆಗೂ ತಂತಿಗೂ ಇರುವ ಸಂದಿನಲ್ಲಿ ಫೀಲರ್ ಗೇಜ್ ಆಡಿಸಿ. 0.25 ಮಿಲಿಮೀಟರ್ ಆಸುಪಾಸು ಇದ್ದರೆ ಚೆನ್ನ. ವಡಗಾವಿಯ ಗಿಟಾರಿನಲ್ಲಿ 0.60 ಬಂತು. ವರ್ಷಗಟ್ಟಲೆ ಅಟ್ಟದ ಮೇಲೆ ತಂತಿ ಸಡಿಲಿಸದೆ ಇಟ್ಟಿದ್ದರು, ಮೇಲೆ ನಮ್ಮ ಮಳೆಗಾಲ. ಬಾಗದೆ ಏನು ಮಾಡೀತು? ನಾನು ಯಜಮಾನರ ಅಪ್ಪಣೆ ಕೇಳಿ, ಆಲನ್ ಕೀ ಹಾಕಿ, ಕಾಲು ಸುತ್ತು ತಿರುಗಿಸಿದೆ. 0.45ಕ್ಕೆ ಇಳಿಯಿತು. ಅಷ್ಟು ಸಾಕು, ರಾಡ್ ಜೀವಂತವಿದೆ ಎಂದು ಗೊತ್ತಾಯಿತು. ನಟ್ಟು ಸುಮ್ಮನೆ ಸುತ್ತುತ್ತಿದ್ದರೆ ಅಥವಾ ಅಲುಗದೆ ಕಚ್ಚಿಕೊಂಡಿದ್ದರೆ ಆ ಗಿಟಾರು ನಿಮ್ಮದಲ್ಲ. ಒಂದೇ ಸಲ ಕಾಲು ಸುತ್ತಿಗಿಂತ ಹೆಚ್ಚು ಹೋಗಬೇಡಿ. ಬೇರೆಯವರ ವಸ್ತುವನ್ನು ಮುರಿದು ಕೊಟ್ಟರೆ ಅದನ್ನು ಕೊಳ್ಳಲೇಬೇಕಾಗುತ್ತದೆ.

ಈಗ ಟಾರ್ಚ್. ಫ್ರೆಟ್‌ಗಳ ಮೇಲೆ ಓರೆಯಾಗಿ ಬೆಳಕು ಬಿಡಿ. ಮೊದಲ ಮೂರು ಫ್ರೆಟ್‌ಗಳಲ್ಲಿ, ತೆಳು ತಂತಿಗಳ ಅಡಿಯಲ್ಲಿ ಗೀರುಗುಳಿ ಕಾಣುತ್ತವೆ. ಕಲಿಯುವವರೆಲ್ಲ ಅಲ್ಲೇ ವಾಸ ಮಾಡುವುದರಿಂದ ಸವೆತವೂ ಅಲ್ಲೇ. ಉಗುರು ಎಳೆದಾಗ ಸ್ವಲ್ಪ ತಡವಿದರೆ ಚಿಂತೆಯಿಲ್ಲ. ಉಗುರು ಸಿಕ್ಕಿಕೊಂಡರೆ ಫ್ರೆಟ್‌ಗಳನ್ನು ಉಜ್ಜಿ ಮಟ್ಟ ಮಾಡಿಸಬೇಕಾಗುತ್ತದೆ. ಅದಾಗಲೇ ಒಮ್ಮೆ ಉಜ್ಜಿ ತಗ್ಗಾಗಿದ್ದರೆ ಕಿತ್ತು ಹೊಸದು ಕೂರಿಸಬೇಕು. ಆ ಲೋಹದ ಇಂಗ್ಲಿಷ್ ಹೆಸರಿನಲ್ಲಿ ಬೆಳ್ಳಿ ಇದೆ, ಲೋಹದಲ್ಲಿ ಇಲ್ಲ. ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ ಅದು, ನಮ್ಮ ಪಾತ್ರೆ ಅಂಗಡಿಯವರು ಜರ್ಮನ್ ಸಿಲ್ವರ್ ಎನ್ನುವ ವಸ್ತು.

ಇದಾದ ಮೇಲೆ ಎಲ್ಲ ತಂತಿಗಳನ್ನೂ ಎಲ್ಲ ಫ್ರೆಟ್‌ಗಳಲ್ಲೂ ಒಂದೊಂದಾಗಿ ನುಡಿಸಬೇಕು. ಇಪ್ಪತ್ತೆರಡು ಫ್ರೆಟ್, ಆರು ತಂತಿ: 132 ಸ್ವರ. ಬೇಸರದ ಕೆಲಸ, ಬಿಡಬೇಡಿ. ನಾನು ಎಪ್ಪತ್ತನ್ನು ದಾಟಿದ್ದಾಗ ಒಳಗಿನಿಂದ ಚಹಾ ತಂದ ಯಜಮಾನರ ತಾಯಿ ಸ್ವಲ್ಪ ಹೊತ್ತು ನಿಂತು ಕೇಳಿ, ‘ಇದೇನು ಹಾಡು ತಮ್ಮಾ, ಮುಗಿಯುವುದೇ ಇಲ್ಲವಲ್ಲ?’ ಎಂದರು. ಎಲ್ಲಾದರೂ ಸ್ವರ ಜೀರುಗುಟ್ಟಿದರೆ, ಅಥವಾ ಮುಂದಿನ ಫ್ರೆಟ್‌ನಲ್ಲಿ ಒತ್ತಿದರೂ ಅದೇ ಸ್ವರ ಬಂದರೆ ಆ ಜಾಗ ಬರೆದುಕೊಳ್ಳಿ. ತಂಬೂರಿ ಮಾಡುವ ಮಿರಜಿನ ಕುಶಲಕರ್ಮಿಗಳು ಇದೇ ಜೀರುದನಿಯನ್ನು ಬೇಕೆಂದೇ ಬರಿಸುತ್ತಾರೆ. ತಂತಿ ಹೊರುವ ಕುದುರೆಯ ಮೇಲ್ಮೈಯನ್ನು ಹದವಾಗಿ ಉಜ್ಜಿ ಜವಾರಿ ತೆಗೆಯುತ್ತಾರೆ. ತಂಬೂರಿಗೆ ಅದು ಪ್ರಾಣ. ಗಿಟಾರಿಗೆ ರೋಗ. ಕೊನೆಗೆ, ಅತಿ ತೆಳು ತಂತಿಯನ್ನು ಹದಿನೈದನೇ ಫ್ರೆಟ್‌ನಲ್ಲಿ ಒತ್ತಿ ಒಂದು ಪೂರ್ಣ ಸ್ವರದಷ್ಟು ಪಕ್ಕಕ್ಕೆ ದೂಡಿ. ನಡುವೆ ದನಿ ಉಸಿರುಗಟ್ಟಿ ನಿಂತರೆ ಮೇಲಿನ ಫ್ರೆಟ್ ಯಾವುದೋ ಎದ್ದಿದೆ. ನನ್ನದು ನಿಲ್ಲಲಿಲ್ಲ. ಸ್ವರ ಏರಿತು, ತುದಿಯಲ್ಲಿ ನಡುಗಿತು, ಇಳಿಯಿತು. ಆಂಪ್ಲಿಫೈಯರ್ ಇಲ್ಲದೆ, ಸೊಳ್ಳೆಯ ದನಿಯಷ್ಟು ಸಣ್ಣಗೆ, ಮಗ್ಗಗಳ ಸದ್ದಿನ ನಡುವೆ. ಆಗಲೇ ಕೊಂಡುಬಿಟ್ಟೆ ಎಂದು ಇಟ್ಟುಕೊಳ್ಳಿ, ಉಳಿದದ್ದೆಲ್ಲ ನಾಟಕ.

ತಲೆ ಕುತ್ತಿಗೆಗೆ ಸೇರುವ ಜಾಗದಲ್ಲಿ ಬಿರುಕಿದೆಯೇ ನೋಡಿ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯ ಗಿಟಾರುಗಳ ತಲೆ ಹಿಂದಕ್ಕೆ ವಾಲಿರುತ್ತದೆ, ಅಂಗಾತ ಬಿದ್ದರೆ ಅಲ್ಲಿಯೇ ಮುರಿಯುತ್ತದೆ. ಚೆನ್ನಾಗಿ ಅಂಟಿಸಿದ್ದು ವರ್ಷಗಟ್ಟಲೆ ಬಾಳಬಹುದು, ಆದರೆ ಮುರಿಯದೇ ಇದ್ದದ್ದರ ಬೆಲೆ ಕೊಡಬೇಡಿ. ತಲೆಯ ಮೇಲಿನ ಕಂಪನಿಯ ಹೆಸರನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಒಂದು ಸ್ಟಿಕರ್ ಅಷ್ಟೇ. ಮಾದರಿಯ ಹೆಸರು, ಕ್ರಮಸಂಖ್ಯೆಯ ಫೋಟೋವನ್ನು ಮೊದಲೇ ತರಿಸಿಕೊಂಡು ಕಂಪನಿಯ ವಿವರಗಳ ಜೊತೆ ಹೋಲಿಸಿ. ನನಗೆ ಸಿಕ್ಕಿದ್ದು ಯಮಾಹಾ ಪೆಸಿಫಿಕಾ 112: 1954ರ ಫೆಂಡರ್ ಸ್ಟ್ರಾಟೋಕ್ಯಾಸ್ಟರ್‌ನ ವಂಶದ ಆಕಾರ, ಆಲ್ಡರ್ ಮರದ ಮೈ, ಮೇಪಲ್ ಕುತ್ತಿಗೆ, ಮೇಲೆ ರೋಸ್‌ವುಡ್ ಹಲಗೆ. ಗಿಟಾರಿನವರು ಭಾರತದ ರೋಸ್‌ವುಡ್ ಎಂದು ಹೆಮ್ಮೆಯಿಂದ ಹೇಳುವುದು ನಮ್ಮ ಘಟ್ಟದ ಬೀಟೆ ಮರವನ್ನೇ.

ದನಿ

ಕೇಬಲ್ ಸಿಕ್ಕಿಸುವ ಮೊದಲು ಒಂದು ಮಾತು ತಿಳಿದಿರಲಿ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಮೈಕ್ ಅಲ್ಲ. ಅಯಸ್ಕಾಂತಗಳ ಸುತ್ತ 0.06 ಮಿಲಿಮೀಟರಿನಷ್ಟು ಸಣ್ಣ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವ, ಊರಿನ ಡೈನಮೋಗಳೆಲ್ಲ ನಡೆಯುವುದೂ ಅದರಿಂದಲೇ. ನೈಲಾನ್ ತಂತಿ ಹಾಕಿದರೆ ಈ ಪಿಕಪ್‌ಗೆ ಏನೂ ಕೇಳಿಸುವುದಿಲ್ಲ.

ಆದರೆ ಆ ಸುರುಳಿಗೆ ತನ್ನ ಗಿಟಾರಿನ ತಂತಿ ಯಾವುದು, ಪಕ್ಕದ ಮೋಟಾರು ಯಾವುದು ಎಂಬ ಭೇದವಿಲ್ಲ. ವಡಗಾವಿಯಲ್ಲಿ ಕೇಬಲ್ ಹಾಕಿದ ಕೂಡಲೇ ದುಂಬಿಗಳ ಹಿಂಡು ಎದ್ದಂತೆ ಗುಂಯ್ ಎಂದಿತು. ನಾಲ್ಕು ಮಗ್ಗದ ಮೋಟಾರುಗಳು, ಒಂದು ಟ್ಯೂಬ್‌ಲೈಟು, ಎಲ್ಲ ಅದರ ಹೊಟ್ಟೆಯೊಳಗೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ತಿರುಗುತ್ತದೆ, ಆ ಗುಂಯ್‌ಕಾರದ ಮೂಲ ಅದು. ಯಜಮಾನರು ದೊಡ್ಡ ಮನಸ್ಸು ಮಾಡಿ ಐದು ನಿಮಿಷ ಮಗ್ಗ ನಿಲ್ಲಿಸಿದರು. ಓಣಿಯ ಉಳಿದ ಮನೆಗಳ ಮಗ್ಗಗಳು ದೂರದಲ್ಲಿ ನಡೆದೇ ಇದ್ದವು, ಆದರೆ ಆ ಕೋಣೆಯಲ್ಲಿ ಹಠಾತ್ತನೆ ಬಿದ್ದ ಮೌನ ನನಗೆ ಇನ್ನೂ ನೆನಪಿದೆ.

ಗುಂಯ್‌ಗುಟ್ಟಿದರೆ ಕೆಟ್ಟಿದೆ ಎಂದಲ್ಲ. ಒಂಟಿ ಸುರುಳಿಯ ಪಿಕಪ್‌ಗಳ ಗುಣವೇ ಅದು. ತಂತಿಗಳನ್ನು ಕೈಯಿಂದ ಮುಟ್ಟಿದಾಗ ಸದ್ದು ಇಳಿದರೆ ಒಳಗಿನ ಗ್ರೌಂಡ್ ವೈರು ಸರಿಯಿದೆ. ಮುಟ್ಟಿದಾಗ ಏರಿದರೆ ವೈರು ಎಲ್ಲೋ ಬಿಟ್ಟಿದೆ, ಸಣ್ಣ ಬೆಸುಗೆಯ ಕೆಲಸ. ಪೆಸಿಫಿಕಾದಲ್ಲಿ ಬ್ರಿಡ್ಜ್ (ಗಿಟಾರಿನ ಕುದುರೆ) ಪಕ್ಕದ ಪಿಕಪ್ ಜೋಡಿ ಸುರುಳಿಯದು. ಎರಡು ಸುರುಳಿಗಳಲ್ಲಿ ಒಂದರ ಗುಂಯ್ ಇನ್ನೊಂದರದನ್ನು ಕೊಲ್ಲುವಂತೆ ಜೋಡಿಸಿರುತ್ತಾರೆ. ಸ್ವಿಚ್ಚನ್ನು ಅತ್ತ ತಳ್ಳಿದಾಗ ದುಂಬಿಗಳು ಹಾರಿಹೋದವು.

ಸ್ವಿಚ್ಚಿನ ಐದೂ ಸ್ಥಾನಗಳಲ್ಲಿ ದನಿ ಕೇಳಿ. ವಾಲ್ಯೂಮ್, ಟೋನ್ ಗುಂಡಿಗಳನ್ನು ನಿಧಾನವಾಗಿ ತಿರುಗಿಸಿ. ಕರಕರ ಎಂದರೆ ಒಳಗೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಎಂಬ ಸ್ಪ್ರೇ ಎರಡು ಹನಿ ಬಿದ್ದರೆ ಬಹುಪಾಲು ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಬೇರೆ, ಅದನ್ನು ಹೊಡೆಯಬೇಡಿ. ಯಾವುದಾದರೂ ಪಿಕಪ್ ಮೂಕವಾಗಿದ್ದರೆ ಮಲ್ಟಿಮೀಟರ್ ತೆಗೆಯಿರಿ. ಗಿಟಾರಿಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲಿನ ಇನ್ನೊಂದು ತುದಿಯ ಮೊನೆಗೂ ಬುಡಕ್ಕೂ ಮೀಟರಿನ ಕಡ್ಡಿ ಇಡಿ. ಒಂಟಿ ಸುರುಳಿಯದು ಸುಮಾರು 5ರಿಂದ 8 ಕಿಲೋಓಮ್ ತೋರಿಸುತ್ತದೆ, ಜೋಡಿ ಸುರುಳಿಯದು ಅದಕ್ಕಿಂತ ಹೆಚ್ಚು. ಕಡ್ಡಿ ಇಡದಿದ್ದಾಗ ತೋರಿಸುವುದನ್ನೇ ತೋರಿಸಿದರೆ ದಾರಿ ಎಲ್ಲೋ ತುಂಡಾಗಿದೆ: ಸುರುಳಿ ಸತ್ತಿರಬಹುದು, ಸ್ವಿಚ್ಚು ಕೈಕೊಟ್ಟಿರಬಹುದು.

ಬೆಲೆ

ಇಲ್ಲಿ ನನ್ನ ಒಂದು ತಪ್ಪೊಪ್ಪಿಗೆ ಬರುತ್ತದೆ. ಮಧ್ಯದ ಪಿಕಪ್ ಮೂಕವಾಗಿತ್ತು. ಯಜಮಾನರೇ ಹೇಳಿದರು, ‘ಅದು ಸತ್ತಿದೆ, ಅದಕ್ಕೇ ಹದಿಮೂರಕ್ಕೆ ಕೊಡುತ್ತೇನೆ ಎಂದೆ, ಇನ್ನೂ ಸ್ವಲ್ಪ ಇಳಿಸುತ್ತೇನೆ.’ ನನ್ನ ಮೀಟರಿನಲ್ಲಿ ಬೇರೆ ಕಥೆ ಇತ್ತು. ಸ್ವಿಚ್ಚಿನ ಕಡ್ಡಿಯನ್ನು ಕೂದಲೆಳೆಯಷ್ಟು ಅಲುಗಿಸಿದಾಗ 6.3 ಕಿಲೋಓಮ್ ಹೊಳೆದು ಮಾಯವಾಗುತ್ತಿತ್ತು. ಪಿಕಪ್ ಬದುಕಿತ್ತು. ಸ್ವಿಚ್ಚಿನ ತಗಡಿಗೆ ಕಿಲುಬು ಹಿಡಿದಿತ್ತು, ಅಷ್ಟೇ. ನಾನು ಬಾಯಿ ಬಿಡಲಿಲ್ಲ. ಹನ್ನೊಂದೂವರೆ ಸಾವಿರಕ್ಕೆ ಮುಗಿಯಿತು.

ಸಂತೆಯ ನ್ಯಾಯದಲ್ಲಿ ಇದು ತಪ್ಪಲ್ಲ ಎಂದು ಮಾವ ಹೇಳುತ್ತಿದ್ದ. ಮಗಳು ಮಾತ್ರ, ‘ಅಪ್ಪಾ, ಅವರು ನಿನಗೋಸ್ಕರ ಮಗ್ಗ ನಿಲ್ಲಿಸಿದ್ದರಲ್ಲ?’ ಎಂದಳು. ಎರಡು ವಾರದ ನಂತರ ಮತ್ತೆ ಹೋಗಿ ವಿಷಯ ಹೇಳಿದೆ. ಅವರು ನಕ್ಕು, ಮಗ್ಗದ ಒಂದು ಸವೆದ ಬುಶ್ ತಂದು ನನ್ನ ಕೈಯಲ್ಲಿಟ್ಟರು. ಟೂಲ್ ರೂಮಿನ ಮೇಲ್ವಿಚಾರಕರಿಗೆ ಹೇಳಿ, ಊಟದ ಬಿಡುವಿನಲ್ಲಿ ಗನ್‌ಮೆಟಲ್ ತುಂಡಿನಿಂದ ಅಂಥವೇ ಎರಡನ್ನು ಲೇಥಿನಲ್ಲಿ ತಿರುಗಿಸಿಕೊಟ್ಟೆ. ಲೆಕ್ಕ ಸಮವಾಯಿತೋ ಇಲ್ಲವೋ, ಅವರ ಮಗ್ಗವಂತೂ ಓಡುತ್ತಿದೆ.

ಚೌಕಾಸಿಗೆ ಒಂದು ಸಲಹೆ: ಬದಲಿಸಬೇಕಾದ ಭಾಗಗಳ ಪಟ್ಟಿಯನ್ನು ಕಾಗದದಲ್ಲಿ ಬರೆದು ತೋರಿಸಿ, ವಸ್ತುವನ್ನು ಹಳಿಯಬೇಡಿ. ಹಳೆಯ ಗಿಟಾರು ಮಾರುವವರು ಹೆಚ್ಚಾಗಿ ತಮ್ಮ ಯೌವನವನ್ನು ಮಾರುತ್ತಿರುತ್ತಾರೆ. ಹಣ ಕೊಟ್ಟ ಮೇಲೆ ಒಂದು ಚೀಟಿಯಲ್ಲಿ ಮಾದರಿ, ಕ್ರಮಸಂಖ್ಯೆ, ದಿನಾಂಕ, ಮೊತ್ತ ಬರೆಸಿ ಸಹಿ ತೆಗೆದುಕೊಳ್ಳಿ.

ಮನೆಗೆ ತಂದ ಮೇಲೆ

ಮಳೆ ಹಿಡಿದಿತ್ತು. ಯಜಮಾನರ ತಾಯಿ ನೂಲಿನ ಮೂಟೆಯ ಪ್ಲಾಸ್ಟಿಕ್ ಸುತ್ತಿಕೊಟ್ಟರು. ಸ್ಕೂಟರಿನಲ್ಲಿ ಹಿಂದೆ ಕೂತ ಮಗಳು ಗಿಟಾರನ್ನು ಕೂಸಿನಂತೆ ಅವಚಿಕೊಂಡಿದ್ದಳು. ಮನೆಯ ಬಾಗಿಲಲ್ಲಿ ಹೆಂಡತಿ, ‘ಇಷ್ಟೇನಾ? ಇದಕ್ಕೇ ಇಪ್ಪತ್ತೆಂಟು ವರ್ಷವೇ?’ ಎಂದು ಕೇಳಿ, ಮರುಕ್ಷಣ ಕುಂಕುಮದ ಭರಣಿ ತರಲು ಒಳಗೆ ಹೋದಳು. ಕುಂಕುಮ ಇಡುವುದಾದರೆ ಮೈಯ ಮೇಲೆ ಇಡಿ, ಫ್ರೆಟ್ ಹಲಗೆಯ ಮೇಲೆ ಬೇಡ. ಮರದ ರಂಧ್ರಗಳಿಗೆ ಇಳಿದರೆ ಬರುವುದಿಲ್ಲ. ಅನುಭವದ ಮಾತು.

ನುಡಿಸುವ ಆತುರವಿರುತ್ತದೆ. ಒಂದು ರಾತ್ರಿ ತಡೆಯಿರಿ. ಹಳೆಯ ತಂತಿಗಳನ್ನು ಕಳಚಿ, ಫ್ರೆಟ್‌ಗಳ ನಡುವೆ ಗಟ್ಟಿಯಾದ ಕರಿ ಕೊಳೆಯನ್ನು ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆಯಿರಿ. ರೋಸ್‌ವುಡ್ ಹಲಗೆಗೆ ಮಕ್ಕಳ ಮೈಗೆ ಹಚ್ಚುವ ಖನಿಜ ತೈಲ ನಾಲ್ಕು ಹನಿ ಬಟ್ಟೆಗೆ ಹಾಕಿ ತಿಕ್ಕಿ, ಹತ್ತು ನಿಮಿಷ ಬಿಟ್ಟು ಒರೆಸಿಬಿಡಿ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬೇಡವೇ ಬೇಡ, ಕಮಟುತ್ತವೆ. ಫ್ರೆಟ್ ಹೊಳೆಯಿಸಲು ಸ್ಟೀಲ್ ವುಲ್ ಬಳಸುವವರು ಪಿಕಪ್‌ಗಳನ್ನು ಟೇಪಿನಿಂದ ಮುಚ್ಚಬೇಕು. ಅದರ ಪುಡಿ ಅಯಸ್ಕಾಂತಕ್ಕೆ ಹಿಡಿದರೆ ಬಿಡುವುದಿಲ್ಲ. ಉದ್ಯಮಬಾಗದ ನನ್ನಂಥವರಿಗೆ ಇನ್ನೊಂದು ಎಚ್ಚರಿಕೆ: ಕಾರ್ಖಾನೆಯ ಅಂಗಿಯಲ್ಲೇ ಗಿಟಾರು ಎತ್ತಿಕೊಳ್ಳಬೇಡಿ. ನನ್ನ ಕಿಸೆಯ ಹೊಲಿಗೆಯಲ್ಲಿ ಕೂತಿದ್ದ ಲೇಥಿನ ಚೂರುಗಳು ಮೂರನೇ ದಿನ ಪಿಕಪ್ ಮೇಲೆ ಮೀಸೆಯಂತೆ ನಿಂತಿದ್ದವು. ಅಂಟುಟೇಪಿನ ತುಂಡಿನಿಂದ ಒತ್ತಿ ಒತ್ತಿ ತೆಗೆದೆ.

ಹೊಸ ತಂತಿ 9ರಿಂದ 42ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ತನ್ನಿ, ಮೆದು ಬೆರಳಿಗೆ ಅದು ಸಾಕು. ತಂತಿ ಹಾಕಿ ಶ್ರುತಿ ಮಾಡಿದ ಮೇಲೆ ಕೆಲಸದ ಕ್ರಮ ತಪ್ಪಬಾರದು. ಮೊದಲು ಕುತ್ತಿಗೆಯ ಬಾಗು, 0.25ಕ್ಕೆ ಬರುವವರೆಗೆ ದಿನಕ್ಕೆ ಒಂದು ಕಾಲು ಸುತ್ತು. ಆಮೇಲೆ ತಂತಿಯ ಎತ್ತರ: ಹದಿನೇಳನೇ ಫ್ರೆಟ್‌ನ ಮೇಲೆ 1.6 ಮಿಲಿಮೀಟರ್‌ನಿಂದ ಆರಂಭಿಸಿ, ಜೀರುಗುಟ್ಟಿದರೆ ಸ್ವಲ್ಪ ಏರಿಸಿ. ಕೊನೆಗೆ ಉದ್ದದ ಹೊಂದಾಣಿಕೆ. ಈ ಮಾದರಿಯ ಗಿಟಾರುಗಳಲ್ಲಿ ತಂತಿಯ ಕಂಪಿಸುವ ಉದ್ದ 648 ಮಿಲಿಮೀಟರ್, ಹನ್ನೆರಡನೇ ಫ್ರೆಟ್ ಅದರ ಸರಿ ಅರ್ಧಕ್ಕೆ, 324ಕ್ಕೆ. ಅಲ್ಲಿ ತಂತಿಯನ್ನು ಒತ್ತದೆ ಬೆರಳು ತಾಗಿಸಿ ನುಡಿಸಿದಾಗ ಬರುವ ಗಂಟೆಯಂಥ ದನಿಯೂ, ಅಲ್ಲೇ ಒತ್ತಿ ನುಡಿಸಿದ ಸ್ವರವೂ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಎಂಬ ಪುಟ್ಟ ತುಂಡನ್ನು ಸ್ಕ್ರೂವಿನಿಂದ ಹಿಂದಕ್ಕೆ, ಇಳಿದಿದ್ದರೆ ಕುತ್ತಿಗೆಯ ಕಡೆಗೆ. ನಮ್ಮವರು ತಂತಿ ಹೊರುವ ಭಾಗವನ್ನು ಕುದುರೆ ಎಂದರು, ಇಂಗ್ಲಿಷಿನವರು ಅದಕ್ಕೆ ಜೀನು ಕಟ್ಟಿದರು. ಇಬ್ಬರೂ ಸವಾರಿಯ ಬಗ್ಗೆಯೇ ಯೋಚಿಸುತ್ತಿದ್ದರೆಂದು ಕಾಣುತ್ತದೆ. ಮಳೆ ಹಿಡಿಯುವಾಗ ಒಮ್ಮೆ, ಬೇಸಿಗೆ ಬಲಿಯುವಾಗ ಒಮ್ಮೆ ಬಾಗು ಅಳೆಯಿರಿ, ನಮ್ಮ ಹವೆಗೆ ಮರ ಸುಮ್ಮನಿರುವುದಿಲ್ಲ.

ಆಂಪ್ಲಿಫೈಯರಿಗೆ ಹೆಚ್ಚು ಹಣ ಸುರಿಯಬೇಡಿ, ಮನೆಗೆ 10 ವ್ಯಾಟ್ ಹೆಚ್ಚೇ. ಆದರೆ ಮನೆಯ ಅರ್ಥಿಂಗ್ ಸರಿಯಿಲ್ಲದೆ ಪ್ಲಗ್ ಹಾಕಬೇಡಿ, ಇದು ತಮಾಷೆಯಲ್ಲ. ಗಿಟಾರಿನ ತಂತಿಗಳು ಗ್ರೌಂಡ್ ವೈರಿನ ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಆಂಪ್ ಒಳಗೆ ಕೆಟ್ಟು, ಗೋಡೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ, ವಿದ್ಯುತ್ತು ಬರುವುದು ನಿಮ್ಮ ಬೆರಳಿಗೆ. ಮೂರು ಕಡ್ಡಿಯ ಪ್ಲಗ್ಗನ್ನು ಎರಡು ಕಡ್ಡಿ ಮಾಡಿ ಹಾಕುವ ಜಾಣತನ ಬೇಡ. ನಮ್ಮ ಹಳೆಯ ಮನೆಯಲ್ಲಿ ಅರ್ಥಿಂಗ್ ವೈರು ಬೋರ್ಡಿನ ಹಿಂದೆ ಯಾವುದಕ್ಕೂ ಸೇರದೆ ನೇತಾಡುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಒಂಬತ್ತು ದಿನ ಬ್ಯಾಟರಿ ಆಂಪ್‌ನಲ್ಲೇ ಕಳೆದೆ.

ಹತ್ತನೇ ದಿನ ಭಾನುವಾರ. ಸ್ವಿಚ್ಚಿಗೆ ಕ್ಲೀನರ್ ಹೊಡೆದು, ಕಡ್ಡಿಯನ್ನು ಐವತ್ತು ಸಲ ಆಡಿಸಿ, ಮಧ್ಯದ ಪಿಕಪ್‌ಗೆ ತಂದು, ಹದಿನೈದನೇ ಫ್ರೆಟ್‌ನಲ್ಲಿ ಆ ತಂತಿಯನ್ನೇ ದೂಡಿದೆ. ಅಪ್ಪ ಹಾರ್ಮೋನಿಯಂ ಒರೆಸುತ್ತ ಕೂತಿದ್ದವರು ಕೈ ನಿಲ್ಲಿಸಿದರು. ‘ಇನ್ನೊಮ್ಮೆ’ ಎಂದರು. ಎಂಬತ್ತರ ಹತ್ತಿರದ ಮನುಷ್ಯ ನನ್ನಿಂದ ಅದೊಂದೇ ಸ್ವರವನ್ನು ಅರ್ಧ ಗಂಟೆ ನುಡಿಸಿಕೊಂಡರು.

ಒಂದು ಬಿಟ್ಟುಹೋಯಿತು. ಹೊಸ ತಂತಿಯನ್ನು ಬಿರಡೆಗೆ ಎರಡು ಮೂರು ಸುತ್ತು ಸುತ್ತಿದ ಮೇಲೆ ಉಳಿದ ತುದಿಯನ್ನು ಇಕ್ಕಳದಿಂದ ಕತ್ತರಿಸುತ್ತೀರಲ್ಲ, ಆ ತುಂಡುಗಳನ್ನು ಒಂದು ಬಟ್ಟಲಿನಲ್ಲಿ ಹಾಕಿ ಎಣಿಸಿ. ಆರು ಇರಬೇಕು. ನನ್ನ ಬಟ್ಟಲಿನಲ್ಲಿ ಐದಿದ್ದವು. ಆರನೆಯದು ಮರುದಿನ ಬೆಳಿಗ್ಗೆ ಹೆಂಡತಿಯ ಹಿಮ್ಮಡಿಗೆ ಸಿಕ್ಕಿತು.